ಒಂಬತ್ತು ಅಡಿಯ ಹೊಳೆಬಾಗಿಲು

ಮಲಕಾರಿಯ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಕುಡಚಿಯ ಆಚೆ, ಕೃಷ್ಣೆಯ ದಂಡೆಯ ಹಾಳೂರ ದಿಬ್ಬದಲ್ಲಿ ಉತ್ಖನನ ಶುರುವಾಗಿ ಮೂರು ತಿಂಗಳಾಗಿತ್ತು. ಅಲ್ಲಿನ ಇಪ್ಪತ್ತು ಆಳುಗಳಿಗೆ ಅವನೇ ಮುಕಾದಮ. ಗುದ್ದಲಿಯ ಸಪ್ಪಳ ಕೇಳಿಯೇ ಕೆಳಗಿರುವುದು ಮಣ್ಣೋ ಇಟ್ಟಿಗೆಯೋ ಹೇಳಿಬಿಡುತ್ತಿದ್ದ. ಉತ್ಖನನದ ಮುಖ್ಯಸ್ಥೆ ಪ್ರಾಜಕ್ತಾ, ನಿಪ್ಪಾಣಿಯ ಹುಡುಗಿ, ಅವನನ್ನು ಮಾಮಾ ಎಂದೇ ಕರೆಯುತ್ತಿದ್ದಳು. ಮಾಮಾ ಹೂಂ ಅನ್ನದೆ ಒಂದು ಬುಟ್ಟಿ ಮಣ್ಣೂ ಹೊರಗೆ ಹೋಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಕಳ್ಳತನ ಇಟ್ಟುಕೊಂಡವನಿಗೆ ಇಂಥ ನಂಬಿಕೆ ಸಣ್ಣ ಶಿಕ್ಷೆಯೇನಲ್ಲ ಬಿಡಿ.

ಹೊಳೆಯ ಕಡೆಗೆ ಕೋಟೆಗೋಡೆ ಸಿಕ್ಕಿತು. ಮೊಳದುದ್ದದ ಇಟ್ಟಿಗೆ, ಎರಡು ಸಾವಿರ ವರ್ಷ ಹಳೆಯದು. ಸರಾಗ ಬಂದ ಗೋಡೆ ಒಂದು ಕಡೆ ತಟ್ಟನೆ ನಿಂತು, ಒಂಬತ್ತು ಅಡಿ ಬಿಟ್ಟು, ಮತ್ತೆ ಶುರುವಾಗಿತ್ತು. ನಡುವೆ ಬರೀ ಹೊಳೆಮಣ್ಣು.

ಪ್ರಾಜಕ್ತಾ ಹಿಗ್ಗಿ ಹೀರೇಕಾಯಿಯಾದಳು. "ಮಾಮಾ, ಹೊಳೆಬಾಗಲಾ ಸಿಕ್ತು ನೋಡ್ರಿ! ದೋಣಿ ಇಳದ ವ್ಯಾಪಾರಸ್ತರು ಇಲ್ಲಿಂದನ ಊರಾಗ ಬರತಿದ್ರು."

ಬಾಗಿಲಂತೆ ಬಾಗಿಲು! ಅದು ಟ್ರ್ಯಾಕ್ಟರ್ ಟ್ರಾಲಿ ದಾಟುವಷ್ಟು ಅಗಲ. ಕಡಿದವನು ಮಲಕಾರಿಯೇ.

ಇಪ್ಪತ್ತು ವರ್ಷದ ಹಿಂದೆ ಈ ಸೀಮೆಯಲ್ಲಿ ದಿಬ್ಬ ಕೆರೆಯದವರು ಯಾರಿದ್ದರು ಹೇಳಿ? ಹಾಳೂರಿನ ಬೂದಿಮಣ್ಣು ಗೊಬ್ಬರಕ್ಕಿಂತ ಮೇಲು, ಅದನ್ನು ಹಾಕಿದ ಹೊಲದ ಕಬ್ಬು ಎರಡಾಳೆತ್ತರ ಏಳುತ್ತಿತ್ತು. ಉಳಿದವರು ಅಂಚಿನಲ್ಲಿ ಕೆರೆದುಕೊಂಡು ಹೋದರು. ಒಳಗಿನ ಕಪ್ಪು ಮಣ್ಣಿಗೆ ಆಸೆಪಟ್ಟು, ಅಡ್ಡ ಬಂದ ಗೋಡೆಯನ್ನು ಹಾರೆ ಹಾಕಿ ಎಬ್ಬಿಸಿದವನು ಇವನೊಬ್ಬನೇ. ಮರುವರ್ಷದ ಮಹಾಪೂರ ಆ ಸಂದಿಯನ್ನು ತುಂಬಿ ಅವನ ಮಾನ ಕಾಪಾಡಿತ್ತು.

ಆ ಸಂಜೆ ಮಲಕಾರಿ ಮನೆಗೆ ಬಂದು ಹೆಂಡತಿ ಸುಂದರಾಳಿಗೆ, "ನಾಳಿ ಹೇಳೇ ಬಿಡ್ತೀನಿ" ಎಂದ.

"ತಲಿಗಿಲಿ ಕೆಟ್ಟೈತೇನ ನಿಮಗ?" ರೊಟ್ಟಿ ಬಡಿಯುತ್ತಲೇ ಅವಳು ಕಿಡಿಕಾರಿದಳು. "ಆಕಿಗಿ ಬಾಗಲಾ ಬೇಕಾಗಿತ್ತು, ಸಿಕ್ಕೈತಿ. ನಿಮ್ಮ ಗಂಟೇನ ಹೋಗತೈತಿ? ಪೊಲೀಸ್ರು ಒಯ್ದ್ರ ನಾ ಬಿಡಿಸಾಕ ಬರಂಗಿಲ್ಲ, ಈಗ ಹೇಳೇನಿ."

ಮಲಕಾರಿ ತಾಟು ಸರಿಸಿ ಎದ್ದ. ಪೊಲೀಸರ ಭಯ ಇತ್ತು, ಇಲ್ಲವೆನ್ನಲಾಗದು. ಆದರೆ ಆ ಹುಡುಗಿ ಮಾಮಾ ಅನ್ನುವುದನ್ನು ಬಿಟ್ಟಾಳೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಮರುದಿನ ಶೇಡಬಾಳದಿಂದ ಶಾಲೆ ಮಕ್ಕಳು ಬಂದರು. ಪ್ರಾಜಕ್ತಾ ಅವರನ್ನು ಸಾಲಾಗಿ ಆ ಸಂದಿಯಲ್ಲಿ ನಡೆಸಿದಳು. "ಎರಡ ಸಾವಿರ ವರ್ಷದ ಹಿಂದ ಮಂದಿ ಹಿಂಗ ಬರತಿದ್ರು" ಎಂದಳು. ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಂಡರು.

"ಈಗ ಮಾಮಾರು ಹೇಳ್ತಾರ, ಬಾಗಲಾ ಹೆಂಗ ಸಿಕ್ತಂತ. ಹೇಳ್ರಿ ಮಾಮಾ!"

ಮಕ್ಕಳು ಚಪ್ಪಾಳೆ ಹೊಡೆದರು. ಅಯ್ಯೋ ಶಿವನೇ, ಆ ಚಪ್ಪಾಳೆ! ಮಲಕಾರಿ ಪ್ರಾಜಕ್ತಾಳ ಹತ್ತಿರ ಬಂದ. ಮಕ್ಕಳನ್ನು ಮಡಕೆ ನೋಡಲು ಡೇರೆಗೆ ಕಳಿಸಿರೆಂದು ಕೈಸನ್ನೆ ಮಾಡಿದ. ಅವರು ಹೋದ ಮೇಲೆ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದು ಬಾಗಲಾ ಅಲ್ರಿ ಮೇಡಮ್ಮಾರ. ನಾ ಕಡದದ್ದು. ಕಬ್ಬಿಗಿ ಮಣ್ಣ ಒಯ್ಯಾಕ ಟ್ರಾಲಿಗಿ ದಾರಿ ಮಾಡಿದ್ನಿ. ಬೇಕಾರ ಕೆಲಸದಿಂದ ತಗೀರಿ, ಪೊಲೀಸ್ರಿಗಿ ಕೊಡ್ರಿ. ಆ ಹುಡುಗೂರ ಬರಕೊಂಡದ್ದ ಅಷ್ಟ ಅಳಸ್ರಿ."

ಪ್ರಾಜಕ್ತಾಳ ಮುಖ ಸಣ್ಣದಾಯಿತು. ಗೋಡೆ ಮುರಿದಲ್ಲಿ ಹೋಗಿ ಕುಳಿತು, ಒಡೆದ ಇಟ್ಟಿಗೆಗಳ ಮೇಲೆ ಬೆರಳಾಡಿಸಿದಳು.

"ಈ ಹಾರಿ ಗುರ್ತು ಮೊನ್ನೆನ ಕಂಡಿತ್ತು ನನಗ" ಎಂದಳು ಕೊನೆಗೆ. "ಬಾಗಲಾ ಬೇಕಾಗಿತ್ತಲ್ಲ, ಕಂಡೂ ಕಾಣದಂಗ ಮಾಡಿದ್ನಿ. ತಪ್ಪು ನಿಮ್ಮದೊಂದ ಅಲ್ಲ ಮಾಮಾ."

ನಕ್ಷೆಯಲ್ಲಿ ಹೊಳೆಬಾಗಿಲೆಂದು ಬರೆದಿದ್ದರ ಮೇಲೆ ಗೀಟು ಹೊಡೆದಳು. ಮಕ್ಕಳಿಗೆ ತಾನೇ ತಿದ್ದಿ ಹೇಳುವುದಾಗಿ ಅಂದಳು. ಮಲಕಾರಿಗೆ ಹೋದ ಜೀವ ಬಂದಂತಾಯಿತು. ಅವಳು ಹೊಸ ಹಾಳೆ ತೆರೆದಳು.

"ಬರ್ರಿ, ಕೂಡ್ರಿ. ಕಡಿಯೂಕಿಂತ ಮೊದಲ ಇಲ್ಲಿ ಏನಿತ್ತು? ಗ್ವಾಡಿಗಿ ಮೆತ್ತಿದ ಗಿಲಾವ ಇತ್ತೇನು? ನೀರ ಹೋಗಾಕ ಗಟಾರ? ಚೌಕಟ್ಟಿನ ಕಲ್ಲು? ಖರೇನ ಒಂದ ಸಣ್ಣ ಬಾಗಲಾ ಇದ್ದರೂ ಇದ್ದೀತು. ಈ ಒಂಬತ್ತು ಅಡಿ ನೋಡಿದಾವ್ರು ಇವತ್ತ ಜಗತ್ತಿನಾಗ ನೀವೊಬ್ರ. ನೀವ ಹೇಳಬೇಕು."

ಮಲಕಾರಿ ಕಣ್ಣು ಮುಚ್ಚಿದ. ಟ್ರಾಲಿಯ ಗಾಲಿ ಮಣ್ಣಿನಲ್ಲಿ ಹುಗಿದದ್ದು ನೆನಪಾಯಿತು, ಮಳೆ ಬರುವುದರೊಳಗೆ ಹೊಲ ತುಂಬಿಸಬೇಕೆಂಬ ಗಡಿಬಿಡಿ ನೆನಪಾಯಿತು, ಅಂಗೈಯ ಬೊಬ್ಬೆ ನೆನಪಾಯಿತು. ಗೋಡೆ ಬರಲಿಲ್ಲ. ಎಷ್ಟು ತಿಣುಕಿದರೂ ಬರಲೊಲ್ಲದು.

"ನೆನಪ ಮಾಡ್ಕೋರಿ ಮಾಮಾ, ಅವಸರಿಲ್ಲ."

"ನೋಡಿದ್ರ ಅಲ್ಲೇನ ಯವ್ವಾ, ನೆನಪಾಗೂದು" ಎಂದು ಅವನು ಮಣ್ಣಿನಲ್ಲಿ ಕುಕ್ಕರಿಸಿ ಅತ್ತ. "ನಾ ನೋಡ್ಲೇ ಇಲ್ಲ. ಬರೇ ಕಡದ್ನಿ."