ಸರ್ಕಾರಿ ಮಹಶೀರ್

ನಾನು ಒಂದು ಮಹಶೀರ್ ಮೀನು. ಹೊಳೆಯ ಮೀನೆಂದು ಜಂಬ ಕೊಚ್ಚಿಕೊಳ್ಳೋಣವೆಂದರೆ, ಹುಟ್ಟಿದ್ದು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ. ಅವ್ವನ ಹೊಟ್ಟೆ ಒತ್ತಿ ಮೊಟ್ಟೆ ಇಳಿಸಿಕೊಂಡರು, ಅಪ್ಪನನ್ನೂ ಹಿಂಡಿ ಬೀಜ ತೆಗೆದರು, ಎರಡನ್ನೂ ಕೋಳಿಪುಕ್ಕದಿಂದ ಕಲಸಿದರು. ಆಮೇಲೆ ಸಿಮೆಂಟು ತೊಟ್ಟಿ. ಈಜಿದರೆ ಗೋಡೆ, ತಿರುಗಿದರೆ ಗೋಡೆ. ಒಂದು ಕಡೆ ಸುಮ್ಮನಿರುವುದು ನನಗೆ ಮೊದಲಿಂದಲೂ ಬರುವುದಿಲ್ಲ.

ಕಾವೇರಿ ದಂಡೆಯ ಆ ಮೀನುಮರಿ ಸಾಕುವ ಕೇಂದ್ರವು ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿತ್ತು. ಹೊಳೆಯಲ್ಲಿ ನಮ್ಮ ಜಾತಿ ಕಡಿಮೆಯಾಗಿ, ದೂರದೂರದಿಂದ ಗಾಳ ಹಿಡಿದು ಬರುವ ಶೋಕಿಯವರು ಬರಿಗೈಲಿ ಹೋಗುತ್ತಿದ್ದರಂತೆ. ಅವರಿಗೆ ಮೀನು ಸಿಗಲಿ, ಊರಿಗೂ ಒಂದಿಷ್ಟು ಆದಾಯ ಬರಲಿ ಎಂದು ನಮ್ಮನ್ನು ಸಾಕಿದರು. ಹಿಡಿದು, ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುವುದು ಅವರ ಆಟ. ತುಟಿ ಹರಿಯುವುದು ಯಾರದೆಂದು ಯಾರೂ ಕೇಳಲಿಲ್ಲ.

ನಮಗೆ ತಿನ್ನಲು ಹಾಕುತ್ತಿದ್ದವನು ಮಾಳಿಗಯ್ಯ. ಹಿಂದೆ ಬಲೆ ಬೀಸುತ್ತಿದ್ದವನು. ಶೋಕಿಯವರಿಗಾಗಿ ಆ ದಂಡೆಯಲ್ಲಿ ಬಲೆ ನಿಷೇಧವಾದ ಮೇಲೆ ಕೇಂದ್ರದ ಕೆಲಸಕ್ಕೆ ಸೇರಿದ. ಕೆಳಗಿನಿಂದ ನೋಡಿದರೆ ಮನುಷ್ಯರೆಲ್ಲ ಒಂದೇ: ಗಲ್ಲ, ಮೂಗಿನ ಹೊಳ್ಳೆ, ಆಮೇಲೆ ಆಕಾಶ. ಇವನನ್ನು ಮಾತ್ರ ಹೆಜ್ಜೆಯಲ್ಲೇ ಗುರುತಿಸುತ್ತಿದ್ದೆ. ಅವನು ಡಬ್ಬಿ ತಟ್ಟಿ ಹಿಂಡಿ ಎರಚುತ್ತಿದ್ದ. ನಾನೋ ಡಬ್ಬಿಗೂ ಕಾಯದೆ, ಹೆಜ್ಜೆ ಕೇಳಿದ್ದೇ ತಡ ಓಡುತ್ತಿದ್ದೆ. ಅವನು ಅದನ್ನು ಪ್ರೀತಿ ಅಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಮೈಕೈ ತುಂಬಿಕೊಂಡ ಮೇಲೆ, ಗುರುತಿಗೆಂದು ರೆಕ್ಕೆಯ ತುದಿ ಕತ್ತರಿಸಿ ಹೊಳೆಗೆ ಬಿಟ್ಟರು. ಗೋಡೆಯಿಲ್ಲದ ನೀರನ್ನು ನಂಬಲು ಬಹಳ ಕಾಲ ಹಿಡಿಯಿತು. ಹಲವು ಮಳೆಗಾಲ ಕಳೆದವು, ನಾನು ಮಡುವಿನ ದೊಡ್ಡ ಮೀನಾದೆ. ಆದರೂ ನೆಮ್ಮದಿಯಿಲ್ಲ, ಒಂದು ಬಂಡೆಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇದ್ದೆ.

ಅಷ್ಟರಲ್ಲಿ ಮೇಲೆ ಬೇರೆ ಗದ್ದಲ ಎದ್ದಿತ್ತು. ಅದೆಲ್ಲ ನನಗೆ ತಿಳಿದದ್ದು ಆಮೇಲೆ, ತೊಟ್ಟಿಯ ಅಂಚಿನಲ್ಲಿ ನಿಂತವರ ಮಾತಿನಿಂದ. ಜನರ ತೆರಿಗೆಯಲ್ಲಿ ಉಳ್ಳವರ ಮೋಜಿಗೆ ಮೀನು ಸಾಕುವುದೇಕೆ, ಬಿಟ್ಟ ಮರಿ ಒಂದಾದರೂ ಬದುಕಿದೆಯೇ ಎಂದು ಅನುದಾನ ಕೊಡುವವರು ಪಟ್ಟು ಹಿಡಿದರಂತೆ. ರೆಕ್ಕೆ ಕತ್ತರಿಸಿದ ಒಂದು ದೊಡ್ಡ ಮೀನನ್ನು ತೋರಿಸಿದರೆ ಹಣ, ಇಲ್ಲದಿದ್ದರೆ ಕೇಂದ್ರಕ್ಕೆ ಬೀಗ. ಬೀಗ ಬಿದ್ದರೆ ಮಾಳಿಗಯ್ಯನಿಗೆ ಬಲೆಯೂ ಇಲ್ಲ, ಸಂಬಳವೂ ಇಲ್ಲ.

ತಪಾಸಣೆಗೆ ಬಂದವರ ಎದುರು ಗಾಳಗಾರನೊಬ್ಬ ರಾಗಿಮುದ್ದೆ ಸಿಕ್ಕಿಸಿ ಎಸೆದು ಕೂತ. ಬಿಸಿಲೇರಿದರೂ ದಾರ ಅಲುಗಲಿಲ್ಲ. ಕೇಂದ್ರದ ಅಧಿಕಾರಿ ಪ್ರಫುಲ್ಲಾ ಮೇಡಂ, ಡಬ್ಬಿ ತಟ್ಟಿ ಕರೆಯಲು ಮಾಳಿಗಯ್ಯನಿಗೆ ಹೇಳಿದರು. ಅವನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು: ಕೈಯಾರೆ ಉಣಿಸಿದ ಜೀವವನ್ನು ಹಿಡಿಯುವುದಿಲ್ಲ, ಹಿಡಿಸುವುದೂ ಇಲ್ಲ. ಅವನು ಡಬ್ಬಿಯನ್ನು ಕೆಳಗಿಟ್ಟ.

“ನಾನು ಉಣ್ಸಿ ಸಾಕಿದ್ ಮೀನ ನಾನೇ ಕರ್ದು ಗಾಳಕ್ಕೆ ಕೊಡಾಕಾಯ್ತದಾ ಮೇಡಂ? ನನ್ ಕೈಲಾಗಲ್ಲ.”

ಹಾಗೆಂದವನೇ ಕಣ್ಣು ತುಂಬಿದ್ದು ಕಾಣಬಾರದೆಂದು ಮುಖ ತೊಳೆಯಲು ನೀರಿಗಿಳಿದ. ಮಡುವಿನ ತಳದಲ್ಲಿದ್ದ ನನಗೆ ಆ ಹೆಜ್ಜೆ ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ದಾರಿಯಲ್ಲಿ ಮುದ್ದೆ ಸಿಕ್ಕಿತು. ಅವನೇ ಇಟ್ಟದ್ದೆಂದು ನುಂಗಿದೆ.

ದಂಡೆಯ ಮೇಲೆ ಚಪ್ಪಾಳೆ. ಕತ್ತರಿಸಿದ ರೆಕ್ಕೆಯನ್ನು ಎಲ್ಲರೂ ಮುಟ್ಟಿ ನೋಡಿದರು. ಅನುದಾನ ಬಂತು, ಮಾಳಿಗಯ್ಯನ ಕೆಲಸ ಉಳಿಯಿತು. ಇಷ್ಟು ದೊಡ್ಡ ಹೆಣ್ಣು ಮೀನನ್ನು ಯಾರಾದರೂ ಹೊಳೆಗೆ ಬಿಡುತ್ತಾರೆಯೇ? ಮೊಟ್ಟೆಗೆಂದು ನನ್ನನ್ನು ಮತ್ತೆ ತೊಟ್ಟಿಗೆ ತಂದು ಹಾಕಿದರು.

ಈಗ ನನಗೆ ವಯಸ್ಸಾಯಿತು. ಪ್ರತಿ ವರ್ಷ ಹೊಟ್ಟೆ ಒತ್ತಿಸಿಕೊಳ್ಳುತ್ತೇನೆ, ಮಿಕ್ಕ ಹೊತ್ತು ಸುತ್ತುತ್ತೇನೆ. ಮರಿಗಳು ಬಲಿತ ಮೇಲೆ, ಹೊಳೆಗೆ ಬಿಡುವ ತನಕ ನನ್ನ ತೊಟ್ಟಿಯಲ್ಲೇ ಇರುತ್ತವೆ. ಮಾಳಿಗಯ್ಯ ಮಾತ್ರ ಬದಲಾಗಿದ್ದಾನೆ. ಹಿಂಡಿಯನ್ನು ಮರೆಯಲ್ಲಿ ನಿಂತು ಎರಚುತ್ತಾನೆ. ಆಮೇಲೆ ಅಂಚಿಗೆ ಬಂದು, ಬಿದಿರು ಕೋಲಿನಿಂದ ನೀರನ್ನು ರಪರಪನೆ ಬಡಿಯುತ್ತಾನೆ.

“ಹೆದರ್ಕಳಿ ಕೂಸುಗಳಾ. ನನ್ನ ಕಂಡ್ರೂ ಹೆದರ್ಕಳಿ,” ಎನ್ನುತ್ತಾನೆ.

ಕೇಂದ್ರದ ಮೀನುಗಳು ಗಾಳದ ಹತ್ತಿರವೂ ಸುಳಿಯುವುದಿಲ್ಲವೆಂದು ಶೋಕಿಯವರು ಗೊಣಗುತ್ತಿದ್ದಾರಂತೆ. ಕೇಳಿ ನನಗೆ ಹೊಟ್ಟೆತುಂಬ ಖುಷಿಯಾಯಿತು. ಕೋಲು ನೀರಿಗೆ ಬಿದ್ದೊಡನೆ ನನ್ನ ಮರಿಗಳು ಚೆಲ್ಲಾಪಿಲ್ಲಿಯಾಗಿ ಆಚೆ ಗೋಡೆಗೆ ಓಡುತ್ತವೆ. ನಾನೊಬ್ಬಳೇ ಅವನ ಕಡೆಗೆ ಹೋಗುತ್ತೇನೆ. ಅವನು ಇನ್ನೂ ಜೋರಾಗಿ ಬಡಿಯುತ್ತಾನೆ. ಈ ವಯಸ್ಸಿನಲ್ಲಿ ಹೊಸದಾಗಿ ಹೆದರಲು ನನ್ನಿಂದ ಆಗುತ್ತಿಲ್ಲ.