ಹಗ್ಗದ ಕೊನೆಯಾಳು

ಬಾಳೆಹೊನ್ನೂರಿನಲ್ಲಿ ಕಾಳುಮೆಣಸು ಕೊಳ್ಳುವ ವೃಷಭೇಂದ್ರಪ್ಪನಿಗೆ ಅನುಮಾನ ಎಂಬುದು ವ್ಯಾಪಾರ ಕಲಿಸಿದ ಗುಣ. ಮೆಣಸಿನೊಳಗೆ ಕಲಬೆರಕೆಯ ಪಪ್ಪಾಯಿ ಬೀಜ ಹುಡುಕಿ ಹುಡುಕಿ, ಕೊನೆಗೆ ಮನುಷ್ಯರೊಳಗೂ ಅದನ್ನೇ ಹುಡುಕತೊಡಗಿದ್ದ. ಯಾರಾದರೂ ಸುಮ್ಮನೆ ನಕ್ಕರೂ, ಇವನಿಗೆ ನನ್ನಿಂದ ಎಂತ ಆಗಬೇಕಪ್ಪಾ ಎಂದು ಯೋಚಿಸುವ ಆಸಾಮಿ.

ಮೂರು ತಿಂಗಳ ಹಿಂದೆ ಕೊಪ್ಪದ ಡಾಕ್ಟರ್ ಅರ್ಪಣಾ ಅವನಿಗೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಕೊಟ್ಟಿದ್ದರು. ದಿನಾ ನಡೆಯಿರಿ, ಭಾರದ ಕಸರತ್ತು ಒಮ್ಮೆಲೇ ಬೇಡ, ನಿಧಾನಕ್ಕೆ ಏರಿಸಿ. ಮೈಕೈ ವಿಪರೀತ ನೋವಾದರೆ, ಮೂತ್ರದ ಬಣ್ಣ ಕಪ್ಪಾದರೆ ತಕ್ಷಣ ಬನ್ನಿ ಎಂದೂ ಹೇಳಿದ್ದರು. ಆಗ ಈ ಮಹಾಶಯ ಮಾತ್ರೆಯ ತಾರೀಖು ಮುಗಿದಿದೆಯೋ ಏನೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಕೇಳಿಸಿಕೊಂಡವಳು ಹೆಂಡತಿ ಗಂಗಾಂಬಿಕೆ.

ಅಷ್ಟರಲ್ಲಿ ಕೆಸರುಗದ್ದೆ ಆಟ ಬಂತು. ನಾಟಿಗೆ ಮುಂಚೆ ಉತ್ತ ಗದ್ದೆಯಲ್ಲಿ, ಮೊಣಕಾಲುದ್ದ ಕೆಸರಲ್ಲಿ ಹಗ್ಗಜಗ್ಗಾಟ. ಹಗ್ಗವನ್ನು ಸೊಂಟಕ್ಕೆ ಸುತ್ತಿ ಕೊನೆಯಲ್ಲಿ ನಿಲ್ಲುವುದು ಇಪ್ಪತ್ತು ವರ್ಷದಿಂದ ವೃಷಭೇಂದ್ರಪ್ಪನೇ. ಈ ಸಲ ಅಲ್ಲಿ ಗಂಗಾಂಬಿಕೆಯ ತಮ್ಮ ಸುಂದರೇಶ್ ನಿಲ್ಲಲಿ ಎಂದು ಊರವರು ಮಾತಾಡಿಕೊಂಡದ್ದು ಇವನ ಕಿವಿಗೆ ಬಿತ್ತು. ಇನ್ನು ಕೇಳಬೇಕೆ? ವರ್ಷವಿಡೀ ಅಂಗಡಿಯಲ್ಲಿ ಕೂತ ದೇಹವನ್ನು ಅಭ್ಯಾಸಕ್ಕೆಂದು ಐದು ಸಂಜೆ ಕೆಸರಿಗಿಳಿಸಿ ಜಗ್ಗಿದ್ದೇ ಜಗ್ಗಿದ್ದು.

"ಬೇಡ ಕಣ್ರೀ, ಮಾತ್ರೆ ತಗೊಳ್ಳೋರು ನೀವು. ಈ ವರ್ಷ ಸುಂದ್ರೇಶ ನಿಲ್ಲಲಿ," ಎಂದಳು ಗಂಗಾಂಬಿಕೆ. ಓಹೋ, ಅಕ್ಕ ತಮ್ಮ ಸೇರಿ ನನ್ನನ್ನು ಗದ್ದೆಯಿಂದ ಎತ್ತಲು ಹೊಂಚು ಹಾಕಿದ್ದಾರೆ ಎಂದುಕೊಂಡ ಅವನು.

ಐದನೇ ಸಂಜೆ ತೊಡೆಗಳು ಬಾತುಕೊಂಡು ಮೆಟ್ಟಿಲು ಹತ್ತಲಾಗಲಿಲ್ಲ. ಮೈ ಉಷ್ಣ ಆಗಿದೆ ಭಾವ ಎಂದು ಸುಂದರೇಶನೇ ತಂಪಿಗೆ ಎರಡು ಲೋಟ ಮುರುಗಲ ಹಣ್ಣಿನ ಪಾನಕ ಕುಡಿಸಿದ. ಬೆಳಿಗ್ಗೆ ಮೂತ್ರ ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ! ಬೇರೆ ಯಾರಾದರೂ ಆಗಿದ್ದರೆ ಉಷ್ಣವೇ ಇರಬೇಕೆಂದು ಇನ್ನೆರಡು ಲೋಟ ಪಾನಕ ಕುಡಿದು ಮಲಗುತ್ತಿದ್ದರು. ಇವನು ಬಿಡುತ್ತಾನೆಯೇ? ಸಾಕ್ಷಿಗೆಂದು ಅದನ್ನು ಬಾಟಲಿಗೆ ತುಂಬಿಸಿದ.

"ನಿನ್ನ ತಮ್ಮ ಪಾನಕಕ್ಕೆ ಎಂತದೋ ಬೆರೆಸಿದಾನೆ. ರಿಪೋರ್ಟ್ ಬರಲಿ, ಸ್ಟೇಷನ್ನಿಗೆ ಕೊಡ್ತೀನಿ," ಎಂದು ಹೆಂಡತಿಗೆ ಹೇಳಿ, ಕುಂಟುತ್ತ ಕೊಪ್ಪದ ಬಸ್ಸು ಹತ್ತಿದ. ಗಂಗಾಂಬಿಕೆ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಹತ್ತಿದಳು.

ಡಾಕ್ಟರ್ ಅರ್ಪಣಾ ಬಾಟಲಿ ನೋಡಿದವರೇ ಹಾಸಿಗೆಯಲ್ಲಿ ಮಲಗಿಸಿ ಡ್ರಿಪ್ ಹಾಕಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು. ವಿಷ ಯಾವುದು ಎಂದು ಇವನು ಕೇಳಿದ.

"ವಿಷ ಎಂತದೂ ಇಲ್ಲ. ಒಮ್ಮೆಲೇ ಅಷ್ಟು ಜಗ್ಗಿ ನಿಮ್ಮ ಸ್ನಾಯು ಒಡೆದಿದೆ, ಅದರ ಅಂಶ ರಕ್ತದಲ್ಲಿ ಸೇರಿ ಕಿಡ್ನಿಗೆ ಇಳೀತಾ ಇದೆ, ಈ ಬಣ್ಣ ಅದರದ್ದೇ. ಈ ಮಾತ್ರೆ ತಗೊಳ್ಳೋರಿಗೆ ಆ ಅಪಾಯ ಸ್ವಲ್ಪ ಜಾಸ್ತಿ. ತಡ ಮಾಡಿದ್ರೆ ಕಿಡ್ನಿ ಕೈಕೊಡ್ತಿತ್ತು," ಎಂದರು. ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದರು. ಮತ್ತೆ ಯಾವಾಗ ಎಂದು ತಾವೇ ಹೇಳುವುದಾಗಿಯೂ, ವಾಸಿಯಾದ ಮೇಲೆ ನಡಿಗೆಯಿಂದಲೇ ಶುರು ಮಾಡಬೇಕೆಂದೂ ತಾಕೀತು ಮಾಡಿದರು. ಇವನು ಅರ್ಧ ನಂಬಿದ, ಅರ್ಧ ಇಲ್ಲ.

ಭಾನುವಾರ ಆಟದ ದಿನ. ಮಧ್ಯಾಹ್ನ ಕಣ್ಣು ಬಿಟ್ಟರೆ ಕುರ್ಚಿಯಲ್ಲಿ ಸುಂದರೇಶ್. ನಾನು ಸತ್ತೆನೋ ಇಲ್ಲವೋ ನೋಡಲು ಬಂದನೇ ಎಂಬ ಯೋಚನೆಯೇ ಮೊದಲು ಹೊಳೆದದ್ದು. ಆಟಕ್ಕೆ ಹೋಗಲಿಲ್ಲವೇ ಎಂದು ಕೇಳಿದ. ಅಕ್ಕ ನಿದ್ದೆಗೆಟ್ಟು ಸುಸ್ತಾಗಿದ್ದಳು, ಮನೆಗೆ ಕಳಿಸಿ ಬೆಳಿಗ್ಗೆಯಿಂದ ತಾನು ಕೂತಿದ್ದೇನೆ ಎಂದ ಸುಂದರೇಶ್. ಹಗ್ಗದ ಕೊನೆಗೆ ಇಬ್ಬರೂ ಇಲ್ಲದೆ ಊರಿನ ತಂಡ ಮೊದಲ ಸುತ್ತಲ್ಲೇ ಸೋತಿತ್ತಂತೆ.

ವೃಷಭೇಂದ್ರಪ್ಪ ನಾಚಿಕೆಯಿಂದ ಕಣ್ಣು ತಪ್ಪಿಸಿ ಹೇಳಿಬಿಟ್ಟ.

"ಆ ಬಾಟ್ಲಿ ತಂದಿದ್ದು ನಿನ್ನ ಮೇಲೆ ಕಂಪ್ಲೇಂಟ್ ಕೊಡಕ್ಕೆ ಮಾರಾಯ."

"ಗೊತ್ತು ಭಾವ. ಅಕ್ಕ ಅವತ್ತೇ ಫೋನಲ್ಲಿ ಹೇಳಿದ್ಲು."

ವೃಷಭೇಂದ್ರಪ್ಪನಿಗೆ ಅಳು ಬಂದುಬಿಟ್ಟಿತು. ಮುಖ ಮುಚ್ಚಿಕೊಳ್ಳಲು ಗೋಡೆಯ ಕಡೆ ಹೊರಳಬೇಕೆಂದು ನೋಡಿದ, ತೊಡೆ ಬಿಡಲಿಲ್ಲ. ಸುಂದರೇಶನೇ ಎದ್ದು, ಬೆನ್ನಿಗೆ ಎರಡೂ ಕೈ ಕೊಟ್ಟು, ನಿಧಾನಕ್ಕೆ ಗೋಡೆಯ ಕಡೆ ಹೊರಳಿಸಿದ.