ಏಪ್ರಿಲ್ ತಿಂಗಳ ನೀರು

ನಾನು ಒಂದು ಕಂಚಿನ ಚೊಂಬು. ಹೀಗೆಂದ ಕೂಡಲೇ ನೀವು ಅಟ್ಟದ ಮೇಲೆ ಬೋರಲು ಬಿದ್ದಿರುವ ಯಾವುದೋ ಹಳೇ ಪಾತ್ರೆಯನ್ನು ನೆನೆಸಿಕೊಂಡಿರಬೇಕು. ಅದು ನಾನಲ್ಲ. ನಾನು ದುಡಿದು ಹೆಸರು ಮಾಡಿದವನು. ಕುಂದಾಪುರದ ಆಚೆ ಹೊಳೆ ಕಡಲಿಗೆ ಸೇರುವಲ್ಲಿ ಹೊಸಕೋಡಿ ಎಂಬ ಊರಿದೆ. ಆ ಊರಿನಲ್ಲಿ ಒಂದು ಕಾಲಕ್ಕೆ ನನ್ನನ್ನು ಕೇಳದೆ ಯಾರೂ ಮನೆ ಕೊಳ್ಳುತ್ತಿರಲಿಲ್ಲ.

ತಾಮ್ರ ಮತ್ತು ತವರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಅಚ್ಚು ಒಡೆದು ಹೊರತೆಗೆದ ಮೇಲೆ ಕಂಚುಗಾರರು ಎರಡು ದಿನ ಕೂತು ಮೈ ಕೆರೆದು ಹೊಳಪು ಕೊಟ್ಟರು. ಕೊನೆಗೆ ಬೆರಳಿನಿಂದ ಹೊಡೆದು ನೋಡಿದರು. ನಾನು ಟಣ್ ಎಂದೆ. ಅವರು ಪಕ್ಕದವರಿಗೆ, "ಇದ್ರ ಸ್ವರ ಕೇಣಿ ಮರ್ರೆ!" ಎಂದರು. ಹುಟ್ಟಿದ ದಿನವೇ ಹೊಗಳಿಸಿಕೊಂಡವನು ನಾನು. ಸ್ವಲ್ಪ ಜಂಬ ಬಂದಿದ್ದರೆ ಅದು ನನ್ನ ತಪ್ಪಲ್ಲ.

ನನ್ನನ್ನು ಕೊಂಡವರು ಹೆರಿಯಣ್ಣ ದೇವಾಡಿಗ. ಜನರಿಗೆ ಮನೆ ತೋರಿಸುವುದು, ಮಾತುಕತೆ ಕುದುರಿಸುವುದು ಅವರ ಕೆಲಸ. ಬೇರೆ ದಲಾಲಿಗಳ ಕೈಯಲ್ಲಿ ಕೊಡೆ ಇರುತ್ತಿತ್ತು, ಕಂಕುಳಲ್ಲಿ ಚೀಲ ಇರುತ್ತಿತ್ತು. ಹೆರಿಯಣ್ಣನ ಕೈಯಲ್ಲಿ ನಾನಿರುತ್ತಿದ್ದೆ. ಯಾವ ಮನೆಗೆ ಹೋದರೂ ಅವರು ಮೊದಲು ಬಾಗಿಲು ತೆರೆಸುತ್ತಿರಲಿಲ್ಲ. ನೇರ ಬಾವಿಕಟ್ಟೆಗೆ ಹೋಗಿ ನೀರು ಸೇದಿ, ನನ್ನಲ್ಲಿ ತುಂಬಿಸಿ, ಮನೆ ನೋಡಲು ಬಂದವರ ಕೈಗೆ ಕೊಡುತ್ತಿದ್ದರು. ಅವರು ತುಟಿ ತಾಗಿಸದೆ ಎತ್ತಿ ಕುಡಿಯಬೇಕು. ಕುಡಿದ ಮೇಲೆ ಉಳಿದ ಒಂದು ಗುಟುಕು ನೀರಿನೊಂದಿಗೆ ನನ್ನನ್ನು ಬಿಸಿಲಿಗೆ ಇಟ್ಟು, ಅವರನ್ನು ಮನೆ, ಹಿತ್ತಲು, ಗಡಿಕಲ್ಲು ಎಲ್ಲ ತೋರಿಸಿಕೊಂಡು ಬರುತ್ತಿದ್ದರು. ವಾಪಸು ಬರುವಾಗ ನೀರು ಆರಿರುತ್ತಿತ್ತು. ನನ್ನ ತಳದಲ್ಲಿ ಬಿಳಿ ಬಳೆ ಮೂಡಿದ್ದರೆ ನೀರಿನಲ್ಲಿ ಉಪ್ಪಿದೆ ಎಂದು ಅರ್ಥ. ಆ ಮನೆಯ ಮಾತು ಅಲ್ಲಿಗೇ ಮುಗಿಯಿತು.

ಕಡಲ ಬದಿಯ ಊರಿನಲ್ಲಿ ಬಾಳ್ವೆಯ ಸುಖ ಇರುವುದು ಬಾವಿಯಲ್ಲಿ. ಉಪ್ಪು ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಬಂದ ನೆಂಟರು ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾರೆ. ನಾನು ಎರಡು ಮಾಳಿಗೆಯ ಮನೆಗಳನ್ನೂ ಬೇಡ ಎಂದವನು. ಮುರುಕು ಹಂಚಿನ ಮನೆಯನ್ನು ಧೈರ್ಯವಾಗಿ ತೆಗೆದುಕೊಳ್ಳಿ ಎಂದವನೂ ನಾನೇ. ಹಾಗೆ ತೆಗೆದುಕೊಂಡವರು ಇವತ್ತಿಗೂ ಸುಖವಾಗಿದ್ದಾರೆ.

ಆದರೆ ನಾನು ಒಂದು ಸಲ ಸೋತಿದ್ದೇನೆ. ಅದನ್ನು ಮುಚ್ಚಿಟ್ಟು ಜಂಬ ಕೊಚ್ಚಿದರೆ ಕಂಚಿನ ಜಾತಿಗೆ ಅವಮಾನ.

ಅದು ಆಷಾಢದ ಮಳೆಗಾಲ. ಲಿಲ್ಲಿಬಾಯಿ ಎಂಬ ಹೆಂಗಸು ಹೆರಿಯಣ್ಣನ ಜಗಲಿಗೆ ಬಂದರು. ಪೇಟೆಯಲ್ಲಿ ರವಿಕೆ ಹೊಲಿಯುವವರು. ಹಿಂದುಮುಂದಿಲ್ಲದ ಒಂಟಿ ಜೀವ. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆ ಬದಲಿಸಿ, ಪ್ರತಿ ಸಲವೂ ಹೊಲಿಗೆ ಮಿಷನ್ನನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋದವರು. ಇನ್ನೊಬ್ಬರ ಮನೆ ಸಾಕು, ಸಣ್ಣದಾದರೂ ತನ್ನದೊಂದು ಬೇಕು ಎಂದರು. ಹೆರಿಯಣ್ಣ ಅವರನ್ನು ಕಡಲಿನಿಂದ ಕೂಗಳತೆಯಲ್ಲಿದ್ದ ಒಂದು ಹಂಚಿನ ಮನೆಗೆ ಕರೆದುಕೊಂಡು ಹೋದರು. ಬಾವಿ ತುಂಬಿ ತುಳುಕುತ್ತಿತ್ತು. ಲಿಲ್ಲಿಬಾಯಿ ನನ್ನನ್ನು ಎತ್ತಿ ಕುಡಿದರು. ಹೆರಿಯಣ್ಣನೂ ಕುಡಿದರು.

"ಎಳ್ನೀರ್ ಕಂಡಂಗಿತ್, ಬಾಯಮ್ಮ. ಕಣ್ ಮುಚ್ಚಿ ತಕಣಿ."

ಬಿಸಿಲಿರಲಿಲ್ಲ. ನನ್ನನ್ನು ಒಣಗಿಸುವ ಮಾತೇ ಬರಲಿಲ್ಲ. ನನಗಾದರೂ ನೆನಪಾಗಬೇಕಿತ್ತು: ಆಷಾಢದಲ್ಲಿ ಕಡಲ ಬದಿಯ ಬಾವಿಯಲ್ಲಿ ಇರುವುದು ಆಕಾಶದ ನೀರು, ಬಾವಿಯದ್ದಲ್ಲ. ನಾನು ಹೊಳೆಯುತ್ತ ಸುಮ್ಮನೆ ಕೂತೆ. ಲಿಲ್ಲಿಬಾಯಿ ತನ್ನಲ್ಲಿದ್ದದ್ದೆಲ್ಲ ಹಾಕಿ ಆ ಮನೆ ಕೊಂಡರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವರು ಮತ್ತೆ ಜಗಲಿಗೆ ಬಂದರು. ಕೈಯಲ್ಲೊಂದು ಕೊಡಪಾನ ಇತ್ತು. ಗೂಟದಲ್ಲಿದ್ದ ನನ್ನನ್ನು ತೆಗೆದು ಅದರಿಂದ ನೀರು ತುಂಬಿಸಿದರು.

"ಕುಡ್ದ್ ಕಾಣಿ, ಹೆರಿಯಣ್ಣ."

ಹೆರಿಯಣ್ಣ ಒಂದು ಗುಟುಕು ಕುಡಿದರು. ಮುಖ ಸಣ್ಣದಾಯಿತು. ನನಗೆ ಒಳಗೆಲ್ಲ ಉರಿದ ಹಾಗಾಯಿತು. ಅವರು ಉಗುಳಬಹುದಿತ್ತು, ಮಳೆ ಮಾಡಿದ್ದಕ್ಕೆ ನಾನೇನು ಮಾಡಲಿ ಎನ್ನಬಹುದಿತ್ತು. ಎನ್ನಲಿಲ್ಲ. ಇಡೀ ಚೊಂಬು ನೀರನ್ನು ಮೆಲ್ಲ ಮೆಲ್ಲ ಕುಡಿದು ಮುಗಿಸಿದರು.

"ತಪ್ಪ್ ನಂದ್," ಎಂದರು. "ಮಳಿಗಾಲ್ದ್ ನೀರ್ ಕಂಡ್ ಮನಿ ಕೊಡ್ಸಿದ್ದ್ ನಾನ್."

ಆ ಕಾಲದಲ್ಲಿ ಉಪ್ಪು ನೀರಿನ ಮನೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಮಾರಿ ಕೊಡುವ ದಾರಿಯೇ ಇರಲಿಲ್ಲ. ಹೆರಿಯಣ್ಣ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ಹೆಂಡತಿ ಪದ್ದಮ್ಮನನ್ನು ಕೂರಿಸಿಕೊಂಡು, ತಮ್ಮ ಮನೆಯನ್ನು ಲಿಲ್ಲಿಬಾಯಿಗೆ ಕೊಟ್ಟು ಆ ಮನೆಗೆ ತಾವು ಹೋಗೋಣ ಎಂದರು. ಅವರ ಮನೆ ಕಡಲಿನಿಂದ ದೂರ, ರಸ್ತೆಯ ಮೂಡುಬದಿಗೆ ಇತ್ತು. ಅಲ್ಲಿನ ಬಾವಿಯ ನೀರು ಮೇ ತಿಂಗಳಲ್ಲೂ ತಣ್ಣಗೆ, ಸಿಹಿ.

ಪದ್ದಮ್ಮ ಕೆರಳಿದರು. "ನಿಮ್ಮ್ ಮಾತ್ ಉಳೂಕೆ ನಾನ್ ಉಪ್ಪ್ ನೀರ್ ಕುಡೀಕಾ?"

ಪದ್ದಮ್ಮ ಒಳಗೆ ಹೋಗಿ ಒಂದಷ್ಟು ಹೊತ್ತು ಪಾತ್ರೆ ಕುಕ್ಕಿದರು. ಆಮೇಲೆ ಅದೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಸತೊಡಗಿದರು. ಅಂಥ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲಿಲ್ಲಿಬಾಯಿ ಮೊದಲು ಒಪ್ಪಲಿಲ್ಲ. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಪದ್ದಮ್ಮ ದಿನಾ ಬೆಳಿಗ್ಗೆ ಬಂದು ತನ್ನ ಹಳೆಯ ಬಾವಿಯಿಂದ ಎರಡು ಕೊಡಪಾನ ನೀರು ಒಯ್ಯಬೇಕು, ಕೇಳುವುದು ಗೀಳುವುದು ಏನೂ ಬೇಡ. ನೋಂದಣಿ ಕಚೇರಿಯಲ್ಲಿ ಮನೆಗಳು ಅದಲು ಬದಲಾದವು. ಅಂದಿನಿಂದ ಹೆರಿಯಣ್ಣ ಮಳೆಗಾಲದಲ್ಲಿ ಯಾರಿಗೂ ಮನೆ ಕುದುರಿಸಲಿಲ್ಲ. ಅವಸರ ಮಾಡಿದವರಿಗೆ, "ಏಪ್ರಿಲ್ ತಿಂಗ್ಳಲ್ ಬನ್ನಿ" ಎನ್ನುತ್ತಿದ್ದರು. ಎಷ್ಟೋ ಗಿರಾಕಿಗಳು ಬೇರೆ ದಲಾಲಿಗಳ ಹತ್ತಿರ ಹೋದರು. ಹೋಗಲಿ ಬಿಡಿ.

ವರ್ಷಗಳು ಕಳೆದವು. ನಮ್ಮ ಊರಿಗೆ ಅಗಲದ ರಸ್ತೆ ಬಂತು, ಅದರ ಹಿಂದೆಯೇ ಕಡಲು ನೋಡುವ ಜನ ಬಂದರು. ಯಾವ ಮನೆಗಳ ಬಾವಿಕಟ್ಟೆಯಲ್ಲಿ ನಾನು ಮುಖ ಸಿಂಡರಿಸಿದ್ದೆನೋ ಅವುಗಳಿಗೇ ಬೆಲೆ ಏರಿತು. ಹಂಚಿನ ಮನೆಗಳು ವಾರದ ಕೊನೆಗೆ ಬರುವ ಅತಿಥಿಗಳ ವಸತಿಯಾದವು. ಬಾವಿಗೆ ಬಲೆ ಮುಚ್ಚಿ ಟ್ಯಾಂಕರ್ ನೀರು ತರಿಸತೊಡಗಿದರು. ಮೀನು ಮಾರುವವರಿಗೆ, ಶಾಲೆಯ ಟೀಚರುಗಳಿಗೆ ಬಾಡಿಗೆಗೊಂದು ಕೋಣೆ ಸಿಗುವುದೂ ಕಷ್ಟವಾಯಿತು. ಕಡಲು ಕಾಣುವ ಹೆರಿಯಣ್ಣನ ಉಪ್ಪು ಮನೆ ಈಗ ಲಿಲ್ಲಿಬಾಯಿಯ ಸಿಹಿ ಮನೆಯ ಹತ್ತು ಪಟ್ಟು ಬಾಳುತ್ತಿತ್ತು.

ಚಾದಂಗಡಿಯಲ್ಲಿ ಮಾತು ಹುಟ್ಟಿತು. "ಹೆರಿಯಣ್ಣ ಭಾರೀ ಜಾಣ. ಬಾಯಮ್ಮನ್ ಜಾಗ ಉಪಾಯ್ದಲ್ಲಿ ಹೊಡ್ಕಂಡ."

ಆ ಮಾತು ಹೆರಿಯಣ್ಣನ ಕಿವಿಗೂ ಬಿತ್ತು. ಅಂದೇ ಸಂಜೆ ಅವರು ಮನೆಯ ಪತ್ರಗಳನ್ನು ಒಂದು ಕೈಯಲ್ಲಿ, ನನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಲಿಲ್ಲಿಬಾಯಿಯ ಮನೆಗೆ ನಡೆದರು. ಆಗ ಅವರಿಗೆ ಎಪ್ಪತ್ತರ ಹತ್ತಿರ.

"ಬಾಯಮ್ಮ, ಆ ಮನಿ ಮೊದ್ಲಿಗೆ ನಿಮ್ದ್. ಈಗ ಬೆಲಿ ಬಂದಿತ್. ವಾಪಸ್ ತಕಣಿ."

ಲಿಲ್ಲಿಬಾಯಿ ಹೊಲಿಗೆ ನಿಲ್ಲಿಸಿ ಎದ್ದರು. ನನ್ನನ್ನು ಅವರ ಕೈಯಿಂದ ತೆಗೆದುಕೊಂಡು ಬಾವಿಕಟ್ಟೆಗೆ ಹೋಗಿ ನೀರು ಸೇದಿ ತುಂಬಿಸಿ ತಂದರು.

"ಕುಡ್ದ್ ಕಾಣಿ."

ಹೆರಿಯಣ್ಣ ಎತ್ತಿ ಕುಡಿದರು.

"ಹ್ಯಾಂಗಿತ್?"

"ಸಿಹಿ ಇತ್."

"ನಾನ್ ಕೇಂಡದ್ದ್ ಇದನ್ನೇ ಅಲ್ದಾ? ನೀವ್ ಕೊಟ್ರಿ. ಇನ್ನ್ ಎಂತದ್ ವಾಪಸ್?"

ಹೆರಿಯಣ್ಣ ಅತ್ತರು. ಅಳು ಬಂದರೆ ಅಳುವುದರಲ್ಲಿ ನಾಚಿಕೆ ಏನಿದೆ? ಮರುದಿನ ಲಿಲ್ಲಿಬಾಯಿ ಚಾದಂಗಡಿಯ ಎದುರೇ ನಿಂತು ಎಲ್ಲರಿಗೂ ಕೇಳುವ ಹಾಗೆ ನಡೆದದ್ದನ್ನು ಹೇಳಿದರು. ಅಲ್ಲಿಗೆ ಆ ಮಾತು ಸತ್ತಿತು.

ಕಡಲ ಬದಿಯ ಮನೆಯನ್ನು ಹೆರಿಯಣ್ಣ ಆಮೇಲೆ ಮಾರಿದರು, ಏಪ್ರಿಲ್ ತಿಂಗಳಲ್ಲೇ, ಕೊಂಡವರಿಗೆ ನನ್ನಿಂದ ಉಪ್ಪು ನೀರು ಕುಡಿಸಿಯೇ. ಅವರು ಮುಖ ಹಿಂಡಿ, ಪರವಾಗಿಲ್ಲ, ಕಡಲು ಕಂಡರೆ ಸಾಕು ಎಂದರು. ಲಿಲ್ಲಿಬಾಯಿ ತನ್ನ ಹಿತ್ತಲಿನ ಒಂದು ಮೂಲೆ ಬಿಟ್ಟುಕೊಟ್ಟರು. ಹೆರಿಯಣ್ಣ ಅಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡರು. ನಡುವೆ ಅದೇ ಬಾವಿ. ಪದ್ದಮ್ಮ ಬಂದ ಮೊದಲ ದಿನ ಒಂದೇ ಉಸಿರಿಗೆ ಎರಡು ಚೊಂಬು ನೀರು ಕುಡಿದರು. ಹೆರಿಯಣ್ಣ ಈಗಿಲ್ಲ. ಮೊನ್ನೆಯವರೆಗೂ ನಾನು ಆ ಬಾವಿಕಟ್ಟೆಯ ಮೇಲಿದ್ದೆ. ಆ ಉಪ್ಪು ಮನೆಯ ನೀರಿನ ಗುರುತಾಗಿ ನನ್ನ ತಳದಲ್ಲೊಂದು ಮಾಸಲು ಬಿಳಿ ಬಳೆ ಉಳಿದಿದೆ. ಪದ್ದಮ್ಮ ಹುಣಸೆಹುಳಿ ಹಾಕಿ ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ಹೋಗುವುದು ನನಗೂ ಬೇಡ.

ಮೊನ್ನೆ ಜುಲೈ ಮಳೆಯಲ್ಲಿ ಲಿಲ್ಲಿಬಾಯಿಯ ಹತ್ತಿರ ರವಿಕೆ ಹೊಲಿಸಲು ಒಬ್ಬಳು ಹುಡುಗಿ ಬಂದಳು. ಆಸ್ಪತ್ರೆಯಲ್ಲಿ ನರ್ಸ್, ಅಷ್ಟರಲ್ಲೇ ನಾಲ್ಕು ಬಾಡಿಗೆ ಮನೆ ಬದಲಿಸಿದವಳು. ಹೊಳೆಬದಿಯಲ್ಲಿ ಸಣ್ಣದೊಂದು ಮನೆ ನೋಡಿದ್ದೇನೆ, ನೀರು ಚೆನ್ನಾಗಿದೆ, ನಾಳೆಯೇ ಮುಂಗಡ ಕೊಡುತ್ತೇನೆ ಎಂದಳು. ಲಿಲ್ಲಿಬಾಯಿ ಮತ್ತು ಪದ್ದಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಪದ್ದಮ್ಮ ನನ್ನನ್ನು ಕಟ್ಟೆಯಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟರು.

"ಇದನ್ನ್ ಹಿಡ್ಕಂಡ್ ಏಪ್ರಿಲ್ ತಿಂಗ್ಳಲ್ ಹೋಗ್ ಮಗಾ. ಅಷ್ಟರ್ ವರೆಗೆ ನಮ್ಮನ್ಯಂಗೆ ಇರ್."

ಹುಡುಗಿ ಆ ಎರಡು ಕೋಣೆಯ ಮನೆಯಲ್ಲೇ ಈಗ ಇದ್ದಾಳೆ. ನನ್ನನ್ನು ತನ್ನ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾಳೆ. ನನಗೆ ವಯಸ್ಸಾಯಿತು, ಒಂದು ಕಡೆ ಕಂಠ ನಗ್ಗಿದೆ. ನಿನ್ನೆ ಅವಳು ಸುಮ್ಮನೆ ಬೆರಳಿನಿಂದ ನನ್ನನ್ನು ಹೊಡೆದು ನೋಡಿದಳು. ನಾನು ಟಣ್ ಎಂದೆ. ಏಪ್ರಿಲ್‌ನಲ್ಲಿ ನನಗೆ ಕೆಲಸವಿದೆ.